ಕಾವಲಿಯ ಮುಂದೆ ಕಾವಲು

ಸಿದ್ದಗಂಗಮ್ಮ ಕೂತಲ್ಲಿ ಕೂರುವ ಹೆಂಗಸಲ್ಲ. ವಸ್ತಾರೆ ಹತ್ತಿರದ ಅವಳ ಮನೆಗೆ ಯಾರಾದರೂ ಹೋದರೆ ಕಾಫಿ ಲೋಟ ಕೈಗಿಟ್ಟು ಎದುರಿಗೆ ಕೂರುತ್ತಾಳೆ, ನಿಜ. ಆದರೆ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಎದ್ದು ಕಣಕ್ಕೆ ಹೋಗಿ, ಒಣಗಲು ಹರವಿದ ಕಾಫಿಯಲ್ಲಿ ಕೈಯಾಡಿಸಿ, ದಾರಿಯಲ್ಲಿ ಮಂಗಗಳಿಗೆ ನಾಲ್ಕು ಬೈಗುಳ ಬೈದು, ಉಳಿದ ಮಾತನ್ನು ಬಾಗಿಲಲ್ಲಿ ನಿಂತೇ ಮುಗಿಸುತ್ತಾಳೆ. ಅವಳ ಕಣ್ಣು ತಪ್ಪಿಸಿ ಆ ತೋಟದಲ್ಲಿ ಒಂದು ಕಿತ್ತಳೆ ಕಿತ್ತವರಿಲ್ಲ. ಮೆಣಸು ಕೊಯ್ಯುವಾಗ ಏಣಿಯ ಬುಡದಲ್ಲಿ ನಿಂತು ಮೇಲಿದ್ದವನನ್ನು ಮಾತಾಡಿಸುತ್ತಲೇ ಇರುತ್ತಾಳೆ. ಮಾತಿಗೆ ಮಾತು ಬರುತ್ತಿದೆ ಎಂದರೆ ಆಸಾಮಿ ಎಚ್ಚರವಾಗಿದ್ದಾನೆ ಎಂದು ಅವಳ ಲೆಕ್ಕ. ಇಂಥವಳ ಪಾಲಿಗೆ ಅರವತ್ತು ದಾಟಿದ ಮೇಲೆ, ಕಟ್ಟಿಕೊಂಡ ಗಂಡನನ್ನೇ ಕಾಯುವ ಕೆಲಸ ಬಂತು.

ಗಂಡ ಚಂದ್ರಶೇಖರಪ್ಪ ಅವಳಿಗಿಂತ ಆರೇಳು ವರ್ಷ ದೊಡ್ಡವನು, ಸ್ವಭಾವದಲ್ಲಿ ಪೂರ್ತಿ ಉಲ್ಟಾ. ನಿಧಾನಸ್ಥ, ಮಾತು ಕಡಿಮೆ, ನಗು ಜಾಸ್ತಿ. ಅವನ ಒಂದೇ ಚಟ ಸಿಹಿ. ಮದುವೆಯಾದ ಹೊಸದರಲ್ಲಿ ಅಟ್ಟದ ಮೇಲಿನ ಬೆಲ್ಲದ ಪಿಂಡಿ ಕರಗುತ್ತಾ ಬಂದದ್ದು ಕಂಡು, ಇಲಿ ಎಂದುಕೊಂಡು ಬೋನು ಇಟ್ಟಿದ್ದಳು ಸಿದ್ದಗಂಗಮ್ಮ. ಬೋನಿಗೆ ಬಿದ್ದದ್ದು ಇವನ ಹೆಬ್ಬೆರಳು. ಅಂದಿನಿಂದ ನೆಂಟರಿಷ್ಟರಲ್ಲಿ ಅವನಿಗೆ ಬೆಲ್ಲದಿಲಿ ಎಂದೇ ಹೆಸರು. ಅವನೂ ಬೇಸರಿಸಿಕೊಂಡವನಲ್ಲ, ಹೋಳಿಗೆಯ ಊಟವಿದ್ದರೆ ಬಡಿಸುವವರು ತನ್ನ ಎಲೆಯ ಮುಂದೆ ಎರಡು ಸಲ ನಿಲ್ಲುತ್ತಾರಲ್ಲ ಎಂಬ ಖುಷಿಯಲ್ಲೇ ಆ ಹೆಸರನ್ನು ಹೊತ್ತುಕೊಂಡಿದ್ದ.

ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವೇ ಆಗಿತ್ತು. ಮಾತ್ರೆ ನುಂಗುವುದು, ಮರೆಯುವುದು, ಹಬ್ಬ ಬಂದರೆ ಕಾಯಿಲೆಗೂ ಒಂದು ದಿನ ರಜೆ ಕೊಡುವುದು, ಹೀಗೇ ನಡೆದಿತ್ತು. ಹೋದ ದೀಪಾವಳಿಯ ಸುಮಾರಿಗೆ ಮಾತ್ರ ಪಾದಗಳು ಜೋಮು ಹಿಡಿದ ಹಾಗಾಗಿ, ಮೆಟ್ಟಿದ ಚಪ್ಪಲಿ ಕಳಚಿ ಹೋದರೂ ಗೊತ್ತಾಗದೆ ತೋಟದಿಂದ ಬರಿಗಾಲಲ್ಲಿ ಬಂದ. ಮಗ ನಾಗೇಶ ಗಾಬರಿಯಾಗಿ ಅಪ್ಪ ಅಮ್ಮ ಇಬ್ಬರನ್ನೂ ಜೀಪಿಗೆ ಹತ್ತಿಸಿಕೊಂಡು ಚಿಕ್ಕಮಗಳೂರಿಗೆ ಕರೆದುಕೊಂಡು ಹೋದ. ಅಲ್ಲಿ ಹೊಸದಾಗಿ ಬಂದಿದ್ದ ಡಾಕ್ಟರು ಹರ್ಷವರ್ಧನ, ವಿಜಯಪುರ ಕಡೆಯವರು. ಮಾತು ಜೋರು, ಮನಸ್ಸು ಒಳ್ಳೆಯದು.

"ಅನ್ನ ಬಿಡ್ರಿ ಯಜಮಾನ್ರ. ರೊಟ್ಟಿ ತಿನ್ರಿ. ಎರಡೂ ಹೊತ್ತು ರೊಟ್ಟಿ, ಪಲ್ಯ. ಸಿಹಿ ಅಂತೂ ಕಣ್ಣೆತ್ತಿ ನೋಡಬ್ಯಾಡ್ರಿ. ಊಟ ಆದಮ್ಯಾಲ ಒಂದಿಷ್ಟು ಅಡ್ಡಾಡ್ರಿ," ಎಂದರು.

ಸಿದ್ದಗಂಗಮ್ಮನಿಗೆ ಅಷ್ಟು ಸಾಕಾಯಿತು. ಡಾಕ್ಟರು ಇನ್ನೂ ಏನೋ ಹೇಳುತ್ತಿರುವಾಗಲೇ ಅವಳು ಚೀಟಿ ಕಿತ್ತುಕೊಂಡು ಔಷಧಿ ಅಂಗಡಿಯ ಸಾಲಿಗೆ ಹೊರಟುಹೋದಳು. ಸಾಲು ಉದ್ದವಾಗಿಬಿಟ್ಟರೆ ಎಂಬ ಆತಂಕ. ಅವಳ ಜೀವಮಾನದಲ್ಲಿ ಸಾಲು ಉದ್ದವಾಗದೆ ಇದ್ದದ್ದಿಲ್ಲ, ಅವಳು ಆತಂಕಪಡದೆ ಇದ್ದದ್ದೂ ಇಲ್ಲ.

ಮಾರನೇ ದಿನವೇ ಅಕ್ಕಿಯನ್ನು ತೊಳೆದು ಒಣಗಿಸಿ ಮಿಲ್ಲಿಗೆ ಕಳಿಸಿ ನುಣ್ಣಗೆ ಹಿಟ್ಟು ಮಾಡಿಸಿದಳು. ಆ ಸೀಮೆಯ ರೊಟ್ಟಿ ಹೇಗೆಂದು ತಿಂದವರಿಗೆ ಗೊತ್ತು. ಕುದಿಯುವ ನೀರಿಗೆ ಹಿಟ್ಟು ಹಾಕಿ ಉಕ್ಕರಿಸಿ, ಬಿಸಿಯಿರುವಾಗಲೇ ನಾದಿ, ತೆಳ್ಳಗೆ ತಟ್ಟಿ, ಕಾವಲಿಯ ಮೇಲೊಂದಿಷ್ಟು ಬೇಯಿಸಿ, ಆಮೇಲೆ ಕೆಂಡಕ್ಕೆ ತೋರಿಸಿದರೆ ಪುಸ್ಸೆಂದು ಉಬ್ಬಬೇಕು. ಸಿದ್ದಗಂಗಮ್ಮನ ರೊಟ್ಟಿ ಉಬ್ಬದೆ ಇದ್ದ ದಾಖಲೆಯಿಲ್ಲ. ಬೆಳಿಗ್ಗೆ ರೊಟ್ಟಿ, ಕಾಯಿಚಟ್ನಿ. ಮಧ್ಯಾಹ್ನ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ರಾತ್ರಿ ರೊಟ್ಟಿ, ಹೆಸರುಕಾಳು ಪಲ್ಯ. ಅನ್ನವಿಲ್ಲದೆ ಹೊಟ್ಟೆ ತುಂಬೀತೇ ಎಂಬ ಮರುಕಕ್ಕೆ ಕೊನೆಗೊಂದು ರೊಟ್ಟಿಯನ್ನು ತಟ್ಟೆಗೆ ಜಾರಿಸಿ, ಮೇಲೊಂದು ಮಿಳ್ಳೆ ತುಪ್ಪ ಬಿಡುತ್ತಿದ್ದಳು.

ಚಂದ್ರಶೇಖರಪ್ಪ ಅನ್ನದ ಮನುಷ್ಯ. ಬಿಸಿಯನ್ನ, ಹುರುಳಿಕಟ್ಟಿನ ಸಾರು ಇದ್ದರೆ ಅವನಿಗೆ ಲೋಕದಲ್ಲಿ ಬೇರೇನೂ ಬೇಡ. ಎಲ್ಲರೂ ಅನ್ನ ಕಲಸುವಾಗ ತಾನು ರೊಟ್ಟಿ ಮುರಿಯುತ್ತಾ ಕೂತಿರುತ್ತಿದ್ದ. ಆದರೆ ಈ ಸಲ ಅವನಿಗೆ ಭಯ ಬಿದ್ದಿತ್ತು. ಕಾಲಿನ ಭಯ. ಕಾಫಿಗೆ ಸಕ್ಕರೆ ಬೇಡವೆಂದ. ಹೋಳಿಗೆಗೆ ಕೈ ಅಡ್ಡ ಹಿಡಿದ. ಸಂಕ್ರಾಂತಿಗೆ ಸೊಸೆ ಕವನಾ ಎಳ್ಳುಬೆಲ್ಲದ ತಟ್ಟೆ ಹಿಡಿದು ಬಂದಾಗ ಒಂದು ಎಳ್ಳಿನ ಕಾಳನ್ನು ನಾಲಗೆಗಿಟ್ಟು ನಕ್ಕುಬಿಟ್ಟ. ಎಪ್ಪತ್ತರ ಹತ್ತಿರದ ಮನುಷ್ಯ ಬದುಕಿನಲ್ಲಿ ಮೊದಲ ಬಾರಿಗೆ ಬಾಯಿ ಕಟ್ಟಿದ್ದ, ಅದೂ ಯಾರೂ ನೋಡದಿದ್ದಾಗಲೂ ಕಟ್ಟಿದ್ದ.

ಸಂಕ್ರಾಂತಿ ಕಳೆದು, ಡಾಕ್ಟರು ರಜೆಯಲ್ಲಿದ್ದರೂ, ಲ್ಯಾಬಿನಲ್ಲಿ ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಪರೀಕ್ಷೆ ಮಾಡಿಸಿದರು. ಇಳಿಯುವುದಿರಲಿ, ಮೊದಲಿಗಿಂತ ಏರಿತ್ತು.

"ಏನ್ ತಾತ, ಹಬ್ಬ ಜೋರಾಗಿತ್ತಾ?" ಎಂದಳು ಲ್ಯಾಬಿನ ಹುಡುಗಿ.

"ಇಲ್ಲಮ್ಮ, ನಾನು ಏನೂ ತಿಂದಿಲ್ಲ."

"ಎಲ್ಲರೂ ಹಂಗೇ ಹೇಳೋದು ತಾತ. ರಕ್ತ ಸುಳ್ಳು ಹೇಳಲ್ವಲ್ಲ."

ಚಂದ್ರಶೇಖರಪ್ಪ ಹೆಂಡತಿಯ ಮುಖ ನೋಡಿದ. ಇವಳಾದರೂ ಹೇಳುತ್ತಾಳೆ, ತಟ್ಟೆಗೆ ಹಾಕುವವಳು ಇವಳೇ ಅಲ್ಲವೇ ಎಂದುಕೊಂಡು. ಸಿದ್ದಗಂಗಮ್ಮನ ತಲೆಯಲ್ಲಿ ಆಗಲೇ ಬೋನು, ಅಟ್ಟ, ಬೆಲ್ಲದ ಪಿಂಡಿ ಎಲ್ಲ ಸುತ್ತುತ್ತಿದ್ದವು. ಅವಳು ಲ್ಯಾಬಿನ ಹುಡುಗಿಯ ಕಡೆ ತಿರುಗಿ, "ನಾಳೆಯಿಂದ ನಾನು ನೋಡ್ಕೊತೀನಿ ಬಿಡು," ಎಂದಳು.

ಕಾವಲು ಹೀಗೆ ಶುರುವಾಯಿತು. ಬೆಲ್ಲದ ಡಬ್ಬಿ ಟ್ರಂಕಿಗೆ ಹೋಯಿತು, ಟ್ರಂಕಿನ ಬೀಗದ ಕೈ ಅವಳ ಸೊಂಟಕ್ಕೆ. ಅವನು ಊಟವಾದ ಮೇಲೆ ಅಡ್ಡಾಡಲು ಹೋದರೆ ಇವಳು ಕಾಫಿ ಗಿಡಗಳ ಮರೆಯಲ್ಲಿ ಹಿಂದೆಯೇ. ಬಚ್ಚಲಿನ ಹತ್ತಿರ ಇರುವೆ ಕಂಡರೆ ಅವನ ಅಂಗಿ ಮೂಸುವುದು. ಬೆಳಿಗ್ಗೆ ಎದ್ದ ಕೂಡಲೇ ಬಾಯಿ ತೆಗೆಸಿ ನೋಡುವುದೊಂದು ಬಾಕಿಯಿತ್ತು. ರೊಟ್ಟಿ ತಟ್ಟುತ್ತಾ ಕೂತಾಗಲೂ ಕಾವಲಿಯ ಮೇಲೊಂದು ಕಣ್ಣು, ಕಿಟಕಿಯಾಚೆ ಜಗಲಿಯಲ್ಲಿ ಕೂತ ಗಂಡನ ಮೇಲೊಂದು ಕಣ್ಣು. ನಿದ್ದೆ ಕೆಟ್ಟಿತು, ಊಟ ರುಚಿಸದಾಯಿತು. ಫೆಬ್ರವರಿ ಮುಗಿಯುತ್ತ ಬಂದಿತ್ತು, ಕಾಫಿ ಹೂ ಅರಳಿಸುವ ಹೂಮಳೆಯ ಸುಳಿವಿರಲಿಲ್ಲ, ತೋಟದವರೆಲ್ಲ ಆಕಾಶ ನೋಡಿಕೊಂಡು ಚಡಪಡಿಸುತ್ತಿದ್ದರು; ಸಿದ್ದಗಂಗಮ್ಮ ಮಾತ್ರ ಗಂಡನ ಜೇಬು ನೋಡಿಕೊಂಡು ಚಡಪಡಿಸುತ್ತಿದ್ದಳು.

ಜೇಬಿನಲ್ಲಿ ಒಂದು ದಿನ ಸಿಕ್ಕೇಬಿಟ್ಟಿತು. ಎರಡು ಚಾಕಲೇಟು.

"ಇದೆಂತದು?" ಎಂದು ಮುಖದ ಮುಂದೆ ಹಿಡಿದಳು.

"ಡಾಕ್ಟರೇ ಇಟ್ಕೊಳ್ಳಿ ಅಂದಿದ್ದು. ಮಾತ್ರೆ ಜಾಸ್ತಿಯಾಗಿ ಸಕ್ಕರೆ ಒಮ್ಮೆಲೇ ಇಳಿದ್ರೆ ಕೈಕಾಲು ನಡುಗಿ ಬೆವರು ಬರುತ್ತಂತೆ, ಆಗ ಒಂದು ಬಾಯಿಗೆ ಹಾಕ್ಕೊಬೇಕಂತೆ. ನೀನು ಔಷಧಿ ಅಂಗಡಿಗೆ ಓಡಿ ಹೋಗಿದ್ದೆ."

"ಸಕ್ಕರೆ ಕಾಯಿಲೆಯವ್ರಿಗೆ ಡಾಕ್ಟರು ಚಾಕಲೇಟು ತಿನ್ನಿ ಅಂದ್ರಾ? ನಾನೆಂತ ಕಿವಿಗೆ ಹೂ ಇಟ್ಕೊಂಡಿದೀನಾ?"

"ಹಾಳೆ ಬಿಚ್ಚಿದೆಯಾ ನೋಡು ಮಾರಾಯ್ತಿ."

"ಬಿಚ್ಚಿದ್ದು ಎಲ್ಲಿ ಎಸೆದ್ರೋ ಯಾರು ಕಂಡ್ರು!"

ಅವಳು ಚಾಕಲೇಟನ್ನು ಒಲೆಗೆ ಹಾಕಿದಳು.

ಅಷ್ಟಕ್ಕೇ ಬಿಟ್ಟಿದ್ದರೆ ಅವಳನ್ನು ಸಿದ್ದಗಂಗಮ್ಮ ಎನ್ನುತ್ತಿರಲಿಲ್ಲ. ರಸ್ತೆಯಂಚಿನಲ್ಲಿ ಇಲಿಯಾಸನ ಗ್ಯಾರೇಜು, ಅದರ ಹಿಂದೆ ಅವನ ಮನೆ. ಇಲಿಯಾಸ್ ಸುತ್ತಲಿನ ತೋಟಗಳ ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಮೋಟಾರು ರಿಪೇರಿ ಮಾಡುವವನು, ಅವನ ಹೆಂಡತಿ ಗುಲ್ಷನ್ ಸಿದ್ದಗಂಗಮ್ಮನ ಮೂವತ್ತು ವರ್ಷದ ಸ್ನೇಹಿತೆ. ಒಬ್ಬರ ಬಾಣಂತನಕ್ಕೆ ಇನ್ನೊಬ್ಬರು ನೀರು ಕಾಯಿಸಿದವರು. ಚಂದ್ರಶೇಖರಪ್ಪ ಸಂಜೆ ಅಡ್ಡಾಡಿ ಬರುವಾಗ ಗ್ಯಾರೇಜಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂರುತ್ತಿದ್ದ. ಆಗ ರಂಜಾನ್ ಉಪವಾಸದ ದಿನಗಳು. ಸಿದ್ದಗಂಗಮ್ಮ ಬಿರಬಿರನೆ ಹೋಗಿ ಅಂಗಳದಲ್ಲೇ ನಿಂತಳು.

"ಗುಲ್ಷನ್, ನೀನು ಇವ್ರಿಗೆ ಖರ್ಜೂರ, ಶರಬತ್ತು ಕೊಡ್ತಿದೀಯಾ?"

ಗುಲ್ಷನ್‌ಗೆ ಮೊದಲು ಅರ್ಥವೇ ಆಗಲಿಲ್ಲ. "ಎಂತ ಅಕ್ಕ ಹಿಂಗೆ ಕೇಳ್ತೀರ? ಅಣ್ಣ ಇಲ್ಲಿ ನೀರು ಕುಡೀತಾರೆ, ಅಷ್ಟೇ. ನಾವು ರೋಜಾ ಬಿಡೋ ಹೊತ್ತಿಗೆ ಅವ್ರೇ ಎದ್ದು ಹೋಗ್ತಾರೆ, ನಾವು ತಿನ್ನೋದು ನೋಡಿದ್ರೆ ಆಸೆ ಆಗುತ್ತೆ ಅಂತ."

"ನಿಂಗೂ ಪಾಠ ಹೇಳಿಕೊಟ್ಟಿದಾರೆ. ಅವ್ರ ಕಾಲು ಹೋದ್ರೆ ನೀನು ಕೊಡ್ತೀಯಾ?"

ಗುಲ್ಷನ್ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಅಂದಿನಿಂದ ಆ ಮನೆಯಿಂದ ಈ ಮನೆಗೆ ನಡೆದಾಟ ನಿಂತಿತು. ಮೂಡಿಗೆರೆಯ ತಂಗಿ ಹುಚ್ಚಮ್ಮನಿಗೆ, ಅತ್ತಿಗುಂಡಿಯ ಅಣ್ಣ ಸುಬ್ಬಣ್ಣನಿಗೆ, ಬೀಗರಿಗೆ, ಎಲ್ಲರಿಗೂ ಫೋನಿನಲ್ಲಿ ಇದೇ ವರದಿ: ಕದ್ದು ತಿಂತಾರೆ, ಈ ವಯಸ್ಸಲ್ಲಿ ಕದ್ದು ತಿಂತಾರೆ. ಹೇಳಿಕೊಳ್ಳುವಾಗ ಅವಳ ದನಿ ಏರುತ್ತಿತ್ತು. ಕೋಪವೆಂದು ಕೇಳಿದವರು ತಿಳಿದರು. ಅದು ಹೆದರಿಕೆ. ಮೈಸೂರಿನಲ್ಲಿ ಅವಳ ದೊಡ್ಡಪ್ಪನಿಗೆ ಇದೇ ಕಾಯಿಲೆಯಲ್ಲಿ ಮೊಣಕಾಲಿನ ತನಕ ಕಾಲು ತೆಗೆದಿದ್ದರು. ಚಿಕ್ಕಂದಿನಲ್ಲಿ ಆ ಮಡಚಿ ಕಟ್ಟಿದ ಪಂಚೆಯನ್ನು ನೋಡಿದ್ದಳು. ಜಗಲಿಯಲ್ಲಿ ಗಂಡ ಕಾಲು ಚಾಚಿ ಕೂತಾಗಲೆಲ್ಲ ಆ ಪಂಚೆ ಕಣ್ಣಿಗೆ ಬರುತ್ತಿತ್ತು.

ಅದೇ ದಿನಗಳಲ್ಲಿ ಕಣದಲ್ಲಿ ಕೊನೆಯ ಕೊಯ್ಲಿನ ಚೆರ್ರಿ, ಅಂದರೆ ಇಡೀ ಕಾಫಿಹಣ್ಣು, ಒಣಗುತ್ತಿತ್ತು. ಕಾಫಿ ಕಣಕ್ಕೆ ಚಪ್ಪಲಿ ಮೆಟ್ಟಿ ಇಳಿಯುವುದು ಅವರ ಮನೆಯಲ್ಲಿಲ್ಲ. ಲಕ್ಷ್ಮಿ ಮಲಗಿದ್ದಾಳೆ ಎಂದು ಹಿರಿಯರ ಕಾಲದಿಂದ ಬಂದದ್ದು. ಚಂದ್ರಶೇಖರಪ್ಪ ಬರಿಗಾಲಲ್ಲಿ ನಡೆದು ಹರವಿದ ಹಣ್ಣಿನಲ್ಲಿ ಸಾಲು ಎಳೆಯುತ್ತಿದ್ದ. ಮಧ್ಯಾಹ್ನದ ಸಿಮೆಂಟು ಕಾದು ಕೆಂಡವಾಗಿದ್ದರೂ ಅವನ ಪಾದಕ್ಕೆ ತಿಳಿಯಲಿಲ್ಲ. ಸಂಜೆ ನೋಡಿಕೊಂಡರೆ ಬಲಗಾಲಿನ ಹೆಬ್ಬೆರಳ ಕೆಳಗೆ ಒಂದು ಬೊಬ್ಬೆ. ನೋವಿಲ್ಲ. ನೋವಿಲ್ಲದ್ದನ್ನು ಹೇಳಿ ಹೆಂಡತಿಯ ಬಾಯಿಗೆ ಯಾಕೆ ಬೀಳಲಿ ಎಂದು ಸುಮ್ಮನಾದ.

ಹುಚ್ಚಮ್ಮನ ಮನೆಯ ಗೃಹಪ್ರವೇಶಕ್ಕೆ ಎಲ್ಲರೂ ಮೂಡಿಗೆರೆಗೆ ಹೋದರು. ಹೊಸ ಮನೆ, ಶಾಮಿಯಾನದ ಕೆಳಗೆ ಸಾಲು ಊಟ. ಚಂದ್ರಶೇಖರಪ್ಪನ ಎಲೆಯ ಮುಂದೆ ಹೋಳಿಗೆಯ ತಟ್ಟೆ ಬಂತು. ಬಡಿಸುವ ಹುಡುಗ ಹಳೆಯ ನೆನಪಿನಲ್ಲಿ, "ದೊಡ್ಡಪ್ಪಂಗೆ ಎರಡು," ಎಂದ. ಚಂದ್ರಶೇಖರಪ್ಪ ಎರಡೂ ಕೈಯನ್ನು ಎಲೆಯ ಮೇಲೆ ಅಡ್ಡವಾಗಿ ಹಿಡಿದು, "ಬೇಡಪ್ಪ, ಬಿಟ್ಟಿದೀನಿ," ಎಂದ.

ಎದುರು ಸಾಲಿನಲ್ಲಿ ಕೂತಿದ್ದ ಸಿದ್ದಗಂಗಮ್ಮನಿಗೆ ತಡೆಯಲಾಗಲಿಲ್ಲ. "ಹಾಕಪ್ಪ, ಹಾಕು! ನಾಲ್ಕು ಜನದ ಮುಂದೆ ಬೇಡ ಅಂತಾರೆ, ಮನೆಗೆ ಹೋಗಿ ಕದ್ದು ತಿಂತಾರೆ. ಇಲ್ಲೇ ತಿನ್ಲಿ, ನನ್ನ ಕಣ್ಣೆದುರಿಗೆ ತಿನ್ಲಿ!"

ಸಾಲಿಗೆ ಸಾಲೇ ನಕ್ಕಿತು. ಯಾರೋ ಬೆಲ್ಲದಿಲಿ ಎಂದರು. ಮತ್ತೊಂದು ನಗೆ. ಚಂದ್ರಶೇಖರಪ್ಪನೂ ನಗುತ್ತಾನೆ ಎಂದು ಎಲ್ಲರೂ ಅವನ ಕಡೆ ನೋಡಿದರು. ಅವನು ಕೈತೊಳೆಯುವ ನೀರಿಗೂ ಕಾಯದೆ ಊಟದ ಎಲೆಯ ಮುಂದಿನಿಂದ ಎದ್ದುಬಿಟ್ಟ. ಅರ್ಧ ಊಟದಲ್ಲಿ ಎಲೆ ಬಿಟ್ಟು ಏಳುವುದೆಂದರೆ ಆ ಮನೆಗೂ ಅವಮಾನ, ಎದ್ದವನಿಗೂ ಅವಮಾನ. ನಗುತ್ತಿದ್ದವರ ಬಾಯಿ ಮುಚ್ಚಿತು. ಅವನು ಹೋಗಿ ಜೀಪಿನ ಹಿಂದಿನ ಸೀಟಿನಲ್ಲಿ ಕೂತ. ನಾಗೇಶ ಕರೆದ, ಹುಚ್ಚಮ್ಮ ಬಂದು ಕೈಮುಗಿದಳು. ಬರಲಿಲ್ಲ.

ಅವತ್ತಿನಿಂದ ಅವನು ಮನೆಯಲ್ಲಿ ಮಾತು ನಿಲ್ಲಿಸಿದ. ಕೇಳಿದರೆ ಹೂಂ, ಉಹೂಂ. ಹಾಕಿದ ರೊಟ್ಟಿಯನ್ನು ಒಂದೂ ಬಿಡದೆ ತಿಂದು, ಕೈತೊಳೆದು, ಜಗಲಿಯ ಮೂಲೆಗೆ. ಅಡ್ಡಾಡಲು ಹೋಗುವುದೂ ನಿಂತಿತು. ಹೋದರೆ ಅನುಮಾನ, ಹೋಗದಿದ್ದರೆ ನೆಮ್ಮದಿ. ಸಿದ್ದಗಂಗಮ್ಮನಿಗೆ ಈ ಮೌನ ಸಹಿಸಲಾಗದೆ ಮನೆಯೆಲ್ಲ ಓಡಾಡಿದಳು. ಪಾತ್ರೆ ಕುಕ್ಕಿದಳು. ತಪ್ಪು ಮಾಡಿದವರು ಸಿಟ್ಟು ಮಾಡುವುದೆಂಥದು ಎಂದು ಕವನಾಳ ಹತ್ತಿರ ಗೊಣಗಿದಳು.

"ಅತ್ತೆ, ಮಾವ ನಿಜವಾಗ್ಲೂ ತಿಂದಿಲ್ಲ ಅನ್ಸುತ್ತೆ," ಎಂದಳು ಕವನಾ ಮೆಲ್ಲಗೆ.

"ಮತ್ತೆ ಸಕ್ಕರೆ ಎಲ್ಲಿಂದ ಬರುತ್ತೆ, ಗಾಳಿಯಿಂದಲಾ?"

ಕವನಾ ಕುಕ್ಕಿದ ಪಾತ್ರೆಗಳನ್ನು ಎತ್ತಿಕೊಂಡು ತೊಳೆಯಲು ಹೋದಳು.

ಒಂದು ಬೆಳಿಗ್ಗೆ ಅವನ ಹಾಸಿಗೆ ಮಡಚುವಾಗ ಸಿದ್ದಗಂಗಮ್ಮನಿಗೆ ವಾಸನೆ ಬಡಿಯಿತು. ಹೊದಿಕೆಯ ತುದಿಯಲ್ಲಿ ಕಲೆ. ಜಗಲಿಗೆ ಬಂದು ಅವನು ಕಾಲಿಗೆ ಸುತ್ತಿಕೊಂಡಿದ್ದ ಬಟ್ಟೆಯನ್ನು ಬಿಚ್ಚಿದಳು. ಹೆಬ್ಬೆರಳು ಕಪ್ಪಿಟ್ಟಿತ್ತು, ಕೆಳಗೆ ಗಾಯ ಬಾಯಿ ತೆರೆದುಕೊಂಡಿತ್ತು.

"ಯಾಕೆ ಹೇಳ್ಲಿಲ್ಲ?" ಎಂದು ಕಿರುಚಿದಳು.

ಅವನು ಬಹಳ ದಿನದ ಮೇಲೆ ಒಂದು ಪೂರ್ತಿ ಮಾತಾಡಿದ. "ಹೇಳಿದ್ರೆ ಕದ್ದು ತಿಂದಿದ್ದಕ್ಕೇ ಆಯ್ತು ಅಂತಿದ್ದೆ."

ಜೀಪು ಹತ್ತುವಾಗಲೂ ಅವಳು ಊಟದ ಡಬ್ಬಿ ಮರೆಯಲಿಲ್ಲ. ಆಸ್ಪತ್ರೆಯಲ್ಲಿ ಎಷ್ಟು ಹೊತ್ತಾಗುತ್ತದೋ, ಮಾತ್ರೆ ನುಂಗಿದ ಮೇಲೆ ಹಸಿದಿರಬಾರದು. ಬೆಳಗಿನ ರೊಟ್ಟಿಯನ್ನೇ ಮಡಚಿ ತುಂಬಿಕೊಂಡಳು.

ಡಾಕ್ಟರು ಹರ್ಷವರ್ಧನ ಗಾಯ ನೋಡಿದರು, ಕಣದ ಸಿಮೆಂಟಿಗೆ ಸುಟ್ಟದ್ದೆಂದು ಅವನಿಂದಲೇ ಕೇಳಿ ತಿಳಿದರು, ಸಕ್ಕರೆಯ ಅಂಕಿ ನೋಡಿದರು, ಮುಖ ಗಂಟಿಕ್ಕಿದರು. "ಯಜಮಾನ್ರ, ಖರೇ ಹೇಳ್ರಿ. ಏನ್ ತಿನ್ನಾಕತ್ತೀರಿ?"

ಚಂದ್ರಶೇಖರಪ್ಪ ಗೋಡೆ ನೋಡುತ್ತಾ ಕೂತ. ಉತ್ತರ ಕೊಟ್ಟದ್ದು ಸಿದ್ದಗಂಗಮ್ಮ. "ಸಾರ್, ಮನೇಲಿ ನಾನು ಕೊಡೋದ್ರಲ್ಲಿ ಒಂದು ಚೂರೂ ತಪ್ಪಿಲ್ಲ. ನೀವು ಹೇಳಿದ್ದೇ ಹೇಳಿದ್ದು, ಅವತ್ತಿನಿಂದ ಅನ್ನದ ಅಗುಳು ಮುಟ್ಸಿಲ್ಲ. ಹೊರಗೆ ಹೋಗಿ ಕದ್ದು ತಿಂತಾರೆ. ನೀವೇ ಬುದ್ಧಿ ಹೇಳಿ. ಇಲ್ನೋಡಿ ಬೇಕಾದ್ರೆ!" ಎಂದು ಸಾಕ್ಷಿಗೆ ಡಬ್ಬಿಯ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟಳು.

ಡಾಕ್ಟರು ಬಗ್ಗಿ ನೋಡಿದರು. "ಏನ್ರಿ ಇದು?"

"ರೊಟ್ಟಿ ಸಾರ್."

"ಬೆಳ್ಳಗ ಐತಲ್ಲ. ಯಾತರದ್ದು?"

"ರೊಟ್ಟಿ ಮತ್ತೆ ಯಾತರದ್ದು ಸಾರ್? ಅಕ್ಕೀದೇ. ನಮ್ಮ ತೋಟದ ಕೆಳಗಿನ ಗದ್ದೇದು, ಒಳ್ಳೇ ಅಕ್ಕಿ."

ಡಾಕ್ಟರು ಕುರ್ಚಿಗೆ ಒರಗಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಮ್ಮಾರ, ನಮ್ಮ ಕಡೆ ರೊಟ್ಟಿ ಅಂದ್ರ ಜ್ವಾಳದ್ದು," ಎಂದರು. "ನಾ ಹೇಳಿದ್ದು ಜ್ವಾಳದ್ದು. ಇದು ಅನ್ನನ ಐತ್ರಿ. ಅಕ್ಕಿ ಹಿಟ್ಟಾದ್ರ ಬ್ಯಾರೆ ಆಗಂಗಿಲ್ಲ, ಮತ್ತಿಷ್ಟು ಜಲ್ದಿ ಸಕ್ಕರಿ ಆಗತೈತಿ. ದಿನಾ ಇದನ್ನೇನು?"

"ಮೂರು ಹೊತ್ತು," ಎಂದ ಚಂದ್ರಶೇಖರಪ್ಪ, ಗೋಡೆಯಿಂದ ಕಣ್ಣು ತೆಗೆಯದೆ.

ಸಿದ್ದಗಂಗಮ್ಮ ನಿಂತಿದ್ದಳು. ಬದುಕಿನಲ್ಲಿ ಮೊದಲ ಸಲ ಯಾರೂ ಹೇಳದೆ ಕುರ್ಚಿ ಹುಡುಕಿಕೊಂಡು ಕೂತಳು. ಡಾಕ್ಟರು ತಮ್ಮ ತಪ್ಪನ್ನೂ ಒಪ್ಪಿಕೊಂಡರು. ಯಾವ ರೊಟ್ಟಿ ಎಂದು ಬಿಡಿಸಿ ಹೇಳಬೇಕಿತ್ತು, ಅದಕ್ಕಿಂತ ಹೆಚ್ಚಾಗಿ ಎಷ್ಟು ಎಂದು ಹೇಳಬೇಕಿತ್ತು; ಅಕ್ಕಿಯಾಗಲಿ ಜೋಳವಾಗಲಿ ರಾಗಿಯಾಗಲಿ, ತಟ್ಟೆಯ ಕಾಲು ಭಾಗ ಮೀರಬಾರದು, ಇನ್ನು ಕಾಲು ಭಾಗ ಕಾಳು ಬೇಳೆ, ಉಳಿದ ಅರ್ಧ ಸೊಪ್ಪು ತರಕಾರಿ ಇರಬೇಕು ಎಂದರು. ಹುರುಳಿಕಟ್ಟಿನ ಸಾರಿನ ಜೊತೆ ಒಂದು ಹಿಡಿ ಅನ್ನ ಉಂಡಿದ್ದರೂ ಇಷ್ಟು ಕೆಡುಕಾಗುತ್ತಿರಲಿಲ್ಲ ಎಂದರು. ಮಾತ್ರೆ ತಪ್ಪಿಸಬಾರದು, ಉಪವಾಸ ಕೆಡವಲೂಬಾರದು, ಜೇಬಿನಲ್ಲಿ ಚಾಕಲೇಟು ಇರಲಿ, ಮಲಗುವ ಮುಂಚೆ ಇಬ್ಬರಲ್ಲೊಬ್ಬರು ಪಾದ ತಿರುಗಿಸಿ ನೋಡಬೇಕು, ಕಣವಾದರೂ ದೇವಸ್ಥಾನದ ಬಿಸಿಲಾದರೂ ಕಾಲು ಬರಿದಿರಬಾರದು. ಚಾಕಲೇಟು ಎಂಬ ಮಾತು ಬಂದಾಗ ಸಿದ್ದಗಂಗಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಳು.

"ಬೆರಳು?" ಎಂದು ಕೇಳಿದ ನಾಗೇಶ.

"ಎಲುಬಿಗೆ ಇಳದೈತ್ರಿ. ಬೆರಳು ತೆಗೀಬೇಕು, ನಾಳೆ ಮುಂಜಾನೇನ. ತಡ ಮಾಡಿದ್ರ ಪಾದಕ್ಕ ಏರತೈತಿ. ರೊಟ್ಟಿ ಒಂದ ಕಾರಣ ಅಲ್ಲ. ಸುಟ್ಟ ದಿನಾನ ಬಂದಿದ್ರ ಉಳೀತಿತ್ತೇನೋ."

ಸುಟ್ಟ ದಿನ ಅವನು ಯಾಕೆ ಬರಲಿಲ್ಲವೆಂದು ಆ ಕೋಣೆಯಲ್ಲಿದ್ದವರಲ್ಲಿ ಡಾಕ್ಟರೊಬ್ಬರಿಗೆ ಮಾತ್ರ ಗೊತ್ತಿರಲಿಲ್ಲ.

ಆ ಸಂಜೆ ವಾರ್ಡಿನ ಹಾಸಿಗೆಯ ಪಕ್ಕದಲ್ಲಿ ಅವಳು ಅವನ ಪಾದವನ್ನು ಹಿಡಿದುಕೊಂಡು ಕೂತಳು. ಅವನು ಬೈಯಲಿ ಎಂದು ಕಾದಳು. ಒಂದು ಮಾತು ಬೈದಿದ್ದರೆ ಅವಳಿಗೆ ಉಸಿರಾಡಲು ಆಗುತ್ತಿತ್ತು. ಅವನು ಸಲೈನಿನ ಬಾಟಲಿಯನ್ನೇ ನೋಡುತ್ತ, "ಬೆರಳು ಹೋದ್ರೆ ಹೋಗ್ಲಿ ಬಿಡು ಗಂಗಾ," ಎಂದ. "ಕಳ್ಳ ಅನ್ನೋ ಹೆಸರು ಹೋಗುತ್ತಲ್ಲ, ಅಷ್ಟು ಸಾಕು."

ಅವಳು ಎದ್ದು ಹೊರಗೆ ಹೋದಳು. ಬಾತ್‌ರೂಮಿನ ನಲ್ಲಿ ತಿರುಗಿಸಿ ನೀರು ಬಿಟ್ಟು, ಅದರ ಸದ್ದಿನಲ್ಲಿ ಅತ್ತಳು.

ಬೆಳಿಗ್ಗೆ ಅವನನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಮುಚ್ಚಿದರು. ನಾಗೇಶ ಔಷಧಿ ತರಲು ಓಡಿದ. ಸಿದ್ದಗಂಗಮ್ಮ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಡೆದಳು, ತಿರುಗಿ ಬಂದಳು, ಮತ್ತೆ ನಡೆದಳು. ಒಳಗೆ ನಡೆಯುತ್ತಿರುವುದಕ್ಕೆ ಅವಳು ಮಾಡಬಹುದಾದದ್ದು ಏನೂ ಇರಲಿಲ್ಲ. ಏನೂ ಮಾಡದೆ ಇರುವುದು ಅವಳಿಗೆ ಬರುತ್ತಿರಲಿಲ್ಲ. ಬೆಂಚಿನಲ್ಲಿ ಕೂತಿದ್ದ ಕವನಾಳ ಮುಂದೆ ಗಕ್ಕನೆ ನಿಂತಳು.

"ಫೋನ್ ತೆಗಿ. ಹುಚ್ಚಮ್ಮಂಗೆ ಮಾಡು."

"ಈಗಲಾ ಅತ್ತೆ? ಆಪರೇಷನ್ ಮುಗೀಲಿ..."

"ಮುಗಿದು ಅವ್ರು ಹೊರಗೆ ಬರೋದ್ರೊಳಗೆ ಆಗ್ಬೇಕು. ಮಾಡು."

ಹುಚ್ಚಮ್ಮ ಹಲೋ ಎಂದಳೋ ಇಲ್ಲವೋ, ಸಿದ್ದಗಂಗಮ್ಮ ಶುರುಮಾಡಿದಳು. ಅವಳಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡಿ ಗೊತ್ತಿಲ್ಲ. "ಹುಚ್ಚೀ, ಕೇಳಿಲ್ಲಿ. ನಿಮ್ಮ ಭಾವ ಕದ್ದು ತಿಂದಿಲ್ಲ. ಒಂದು ಚೂರೂ ತಿಂದಿಲ್ಲ. ಅಕ್ಕಿ ರೊಟ್ಟಿ ತಿನ್ನಿಸಿ ತಿನ್ನಿಸಿ ಸಕ್ಕರೆ ಏರಿಸಿದ್ದು ನಾನು. ನಿನ್ನ ಮನೆ ಎಲೆ ಮುಂದೆ ಅಂದಿದ್ದೆಲ್ಲ ಸುಳ್ಳು. ಅವತ್ತು ನಕ್ಕವ್ರಿಗೆಲ್ಲ ಹೇಳು, ಮರೀಬೇಡ." ಅತ್ತ ಕಡೆಯಿಂದ ಅಕ್ಕಾ ಅಕ್ಕಾ ಎನ್ನುತ್ತಿರುವಾಗಲೇ ಕತ್ತರಿಸಿ, "ಅಣ್ಣಂಗೆ ಮಾಡು," ಎಂದಳು.

ಅತ್ತಿಗುಂಡಿಯ ಸುಬ್ಬಣ್ಣನಿಗೆ ಕಿವಿ ಸ್ವಲ್ಪ ಮಂದ. ಅವನಿಗೆ ಎರಡೆರಡು ಸಲ ಹೇಳಬೇಕಾಯಿತು. "ಕದ್ದಿಲ್ಲ ಅಣ್ಣಾ! ಕ-ದ್ದಿ-ಲ್ಲ!" ಕಾರಿಡಾರಿನಲ್ಲಿ ಕೂತಿದ್ದ ರೋಗಿಗಳೂ ಅವರ ಜೊತೆಗಿದ್ದವರೂ ಪೂರ್ತಿ ಅವಳ ಕಡೆ ತಿರುಗಿದ್ದರು. ಯಾರದೋ ಕಳ್ಳತನದ ಕೇಸೆಂದು ಒಬ್ಬ ಮುದುಕ ಪಕ್ಕದವನ ಕಿವಿಯಲ್ಲಿ ಹೇಳಿದ. ಕವನಾ ನಾಚಿಕೆಯಿಂದ ತಲೆ ತಗ್ಗಿಸಿ ನಂಬರು ಒತ್ತುತ್ತಾ ಹೋದಳು. ಬೀಗರು, ನಾದಿನಿ, ಪಕ್ಕದ ತೋಟದವರು. ಪ್ರತಿ ಸಲವೂ ಮೊದಲಿಂದ ಹೇಳಿದಳು, ಪ್ರತಿ ಸಲವೂ ತನ್ನ ಹೆಸರನ್ನೇ ಮುಂದೆ ಇಟ್ಟಳು. ಹೇಳುತ್ತಾ ಹೇಳುತ್ತಾ ಅವಳ ದನಿ ಒಡೆಯಿತು. ಆದರೂ ನಿಲ್ಲಿಸಲಿಲ್ಲ.

ಕೊನೆಗೆ ಉಳಿದದ್ದು ಒಂದೇ ನಂಬರು.

"ಗುಲ್ಷನ್‌ಗೆ."

ಬಹಳ ಹೊತ್ತು ರಿಂಗಾಯಿತು. ಎತ್ತಿದರು. ಆ ಕಡೆ ಗ್ಯಾರೇಜಿನ ಸುತ್ತಿಗೆಯ ಸದ್ದು.

"ಗುಲ್ಷನ್, ನಾನು ಕಣೇ. ನೀನು ಹೇಳಿದ್ದು ನಿಜ. ಅವ್ರು ನಿಮ್ಮನೇಲಿ ಬರೀ ನೀರು ಕುಡಿದಿದ್ದು. ನಾನು..." ಎಂದು ನಿಂತಳು.

"ಅಣ್ಣ ಹೆಂಗಿದಾರೆ ಅಕ್ಕ?" ಎಂದಳು ಗುಲ್ಷನ್.

ಅಷ್ಟರಲ್ಲಿ ಬಾಗಿಲು ತೆರೆಯಿತು. ಹಸಿರು ಟೋಪಿಯ ನರ್ಸು ಅರ್ಧ ಮೈ ಹೊರಗೆ ಹಾಕಿ, ದಿನಕ್ಕೆ ಎಷ್ಟೋ ಸಲ ಕೂಗುವ ದನಿಯಲ್ಲಿ ಕೂಗಿದಳು:

"ಚಂದ್ರಶೇಖರಪ್ಪನ ಕಡೆಯವರು ಯಾರು? ಚಂದ್ರಶೇಖರಪ್ಪನ ಕಡೆಯವರು ಯಾರಾದರೂ ಇದೀರಾ?"

ಕವನಾ ಏಳುವಷ್ಟರಲ್ಲಿ ಸಿದ್ದಗಂಗಮ್ಮ ಫೋನನ್ನು ಕಿವಿಗೆ ಹಿಡಿದುಕೊಂಡೇ ಬಾಗಿಲ ಹತ್ತಿರ ತಲುಪಿದ್ದಳು.

"ನಾನು," ಎಂದಳು. "ನಾನಮ್ಮ. ನಾನೇ ಅವ್ರ ಕಡೆಯವಳು."